ಐವತ್ತು ವ್ಯಾಟ್

ಕ್ಯಾರವಾನಿನ ಮಂಚದ ಕೆಳಗೆ ತಲೆ ತೂರಿಸಿ
ಕಾಲೆರಡನ್ನೂ ಸೆಡ್ಯೂನಾದ ಬಿಸಿಲಿಗೆ ಬಿಟ್ಟು
ಮಲಗಿದ್ದೇನೆ, ಬೆಳಗಿನಿಂದ.
ಟಾರ್ಚು ಹಿಡಿದವನು ಶಿವಪುತ್ರ.
ನಾನು ಬೋಲ್ಟು ಹುಡುಕುವಾಗ ಅವನ ಬೆಳಕು
ಸಮುದ್ರ ನೋಡುತ್ತಿರುತ್ತದೆ.

ಇದರಾಚೆ ನಲ್ಲಾರ್ಬರ್.
ಸಾವಿರ ಚಿಲ್ಲರೆ ಕಿಲೋಮೀಟರು.
ನಾವು ತಂಗಬೇಕೆಂದಿರುವ ಕಡೆಗಳಲ್ಲಿ
ನಲ್ಲಿಯೂ ಇಲ್ಲ, ಪ್ಲಗ್ಗೂ ಇಲ್ಲ.
ಇವನೋ, ಮೂಗಿಗೆ ಮುಖವಾಡ ಕಟ್ಟಿ
ಕೊಳವೆ ಸಿಕ್ಕಿಸಿ ಯಂತ್ರ ಊದಿದರೆ ಮಾತ್ರ
ರಾತ್ರಿಯಿಡೀ ಉಸಿರಾಡುವ ಪ್ರಾಣಿ.

ಅಂಗಡಿಯಲ್ಲಿ ಮೂರು ಸಾವಿರ ವ್ಯಾಟಿನ ಇನ್ವರ್ಟರಿಗೆ ಕೈ ಹಾಕಿದ್ದ,
ಮೈಕ್ರೋವೇವು, ಟೋಸ್ಟರು, ಕೆಟಲು ಎಂದು ಬೆರಳು ಮಡಿಚುತ್ತ.
ನಿನ್ನ ಉಸಿರಿಗೆ ಬೇಕಾದ್ದು ಐವತ್ತು ವ್ಯಾಟ್, ಅಂದೆ.
“ಬರೇ ಐವತ್ತಾ?”
ಮುಖ ಸಣ್ಣದಾಯಿತು.
ಸಾವಿರದ್ದು ತಂದೆವು.

ಬ್ಯಾಟರಿಯ ಕರೆಂಟು ಒಮ್ಮುಖ. ಹೊರಟರೆ ಹೊರಟದ್ದೇ,
ತಿರುಗಿ ನೋಡುವುದಿಲ್ಲ.
ಈ ಡಬ್ಬಿ ಅದನ್ನು ಹಿಡಿದು ನಿಲ್ಲಿಸಿ ಕಲಿಸುತ್ತದೆ:
ಹೋಗು, ಬಾ; ಹೋಗು, ಬಾ;
ಸೆಕೆಂಡಿಗೆ ಐವತ್ತು ಸಲ.
ಪೋರ್ಟ್ ಆಗಸ್ಟಾದ ಶಾಲೆಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ
ಮಕ್ಕಳು ಸುಟ್ಟ ಫ್ಯೂಸು ಬದಲಿಸಿದವಳು ನಾನು.
ಆಸಿಲೋಸ್ಕೋಪಿನ ಹಸಿರು ಗೆರೆ ಏರಿ ಇಳಿಯುವುದನ್ನು
ಮನೆಗೆ ಹೊರಡುವ ಮೊದಲು ಒಂದು ನಿಮಿಷ
ಸುಮ್ಮನೆ ನೋಡುತ್ತಿದ್ದೆ.
ಯಾರಿಗೂ ಹೇಳಿಲ್ಲ.

ತಂತಿ ಕಿರುಬೆರಳ ದಪ್ಪ. ಮೊಳಕ್ಕಿಂತ ಉದ್ದ ಬೇಡ,
ಉದ್ದವಾದಷ್ಟೂ ದಾರಿಯಲ್ಲೇ ಸೋರುತ್ತದೆ.
ಬ್ಯಾಟರಿಯಿಂದ ಗೇಣು ದೂರದಲ್ಲೇ ಫ್ಯೂಸು.
ಸುತ್ತ ನಾಲ್ಕು ಬೆರಳು ಜಾಗ ಬಿಡಿ ಎನ್ನುತ್ತದೆ ಕೈಪಿಡಿ,
ಡಬ್ಬಿಯೂ ಉಸಿರಾಡಬೇಕಂತೆ.
ಇವನ ಗಾಳದ ಪೆಟ್ಟಿಗೆ ಗೊಣಗುತ್ತ ಹೊರಬಿತ್ತು.

ತಂತಿಯ ತುದಿಗೆ ತಾಮ್ರದ ಟೊಪ್ಪಿಗೆ ಹಾಕಿ ಅಮುಕುವ ಇಕ್ಕಳ
ಪಕ್ಕದ ಸೈಟಿನ ಡೆಸ್ಮಂಡ್ ಕೊಟ್ಟ, ಸಿಂಪಿ ಸಾಕುವವನು.
ದುಡ್ಡು ಬೇಡ ಅಂದವನಿಗೆ ಶೇಂಗಾ ಚಟ್ನಿಪುಡಿ ಕೊಟ್ಟೆ.
ಹಸಿ ಸಿಂಪಿಯ ಮೇಲೆ ಉದುರಿಸಿಕೊಂಡು ತಿಂದನಂತೆ.
ಕೇಳಿಯೇ ಹೊಟ್ಟೆ ತೊಳಸಿತು ಶಿವಪುತ್ರನಿಗೆ.

ಕಪ್ಪು ಮೊದಲು ಬಿಗಿದೆ. ಕೆಂಪು ಕೊನೆಗೆ.
ಮುಟ್ಟಿಸಿದ್ದೇ ಚಟ್ಟೆಂದು ಕಿಡಿ, ನೀಲಿ,
ಹುಬ್ಬಿನ ಹತ್ತಿರವೇ.
ಟಾರ್ಚು ಬಿತ್ತು.
“ಏನಾತು? ಏ ಗುರುಬಸವ್ವಾ, ಏನಾತು?”
ಏನಿಲ್ಲ ಮಾರಾಯ, ಖಾಲಿ ಹೊಟ್ಟೆ ಇದರದು,
ಮೊದಲ ತುತ್ತು ಗಬಕ್ಕನೆ ನುಂಗಿತು.
ಇವನು ಹೆಸರು ಹಿಡಿದು ಕೂಗಿ
ಎಷ್ಟು ವರ್ಷವಾಗಿತ್ತು.

ಸಂಜೆ ಪಾರ್ಕಿನ ಕರೆಂಟಿನ ವಯರು ಕಿತ್ತು ಸುತ್ತಿಟ್ಟೆವು.
ಹಸಿರು ದೀಪ. ನಾನು ಕೈ ತೊಳೆದು ಬರುವಷ್ಟರಲ್ಲಿ
ಡಬ್ಬಿ ಕಿರೋ ಎಂದು ಬಾಯಿ ಬಡಿದುಕೊಳ್ಳುತ್ತಿತ್ತು,
ದೀಪ ಕೆಂಪು, ಇವನ ಕೈಯಲ್ಲಿ ಕೆಟಲು.
ಎರಡು ಸಾವಿರದ ಇನ್ನೂರು ವ್ಯಾಟ್!
ಭಾಗಿಸಿ ತೋರಿಸಿದೆ: ಒಂದು ಕೆಟಲಿನ ಕರೆಂಟಿನಲ್ಲಿ
ನಲವತ್ತನಾಲ್ಕು ಗಂಡಂದಿರು ಉಸಿರಾಡಬಹುದು.
“ಅಷ್ಟ ಮಂದಿ ಗೊರಕಿ ನೀ ತಡಕೊಂತೀಯೇನು?”
ಚಹಾ ಗ್ಯಾಸಿನ ಮೇಲೇ ಆಯಿತು.

ರಾತ್ರಿ. ಹನ್ನೆರಡು ಪಾಯಿಂಟ್ ಆರು ವೋಲ್ಟ್.
ಜೆಟ್ಟಿಯ ಕೆಳಗೆ ನೀರು. ಇಲ್ಲಿ ಯಂತ್ರ
ಒಂದೇ ಸಮ ಊದುತ್ತಿದೆ.
ಇದು ಬರುವ ಮೊದಲು ಹನ್ನೊಂದು ವರ್ಷ
ನನ್ನ ಮೊಣಕೈಯೇ ಇವನ ಯಂತ್ರ.
ಉಸಿರು ನಿಂತರೆ ನಿದ್ದೆಯಲ್ಲೇ ಎಣಿಸುತ್ತಿದ್ದೆ,
ಏಳು, ಎಂಟು, ಒಂಬತ್ತು,
ತಿವಿಯುತ್ತಿದ್ದೆ.
ಅದಕ್ಕೆ ಫ್ಯೂಸೂ ಇರಲಿಲ್ಲ, ಕೈಪಿಡಿಯೂ.

ಮೂರು ಗಂಟೆಗೆ ತಾನಾಗಿ ಎಚ್ಚರ.
ಹನ್ನೆರಡು ಪಾಯಿಂಟ್ ನಾಲ್ಕು.
ಕೆಳಗೆ ಬಗ್ಗಿ ಡಬ್ಬಿಯ ಮೇಲೆ ಅಂಗೈ ಇಟ್ಟೆ,
ಜ್ವರ ಬಿಟ್ಟ ಹಣೆಯಷ್ಟು ಬೆಚ್ಚಗೆ.
ಎಲ್ಲ ಸರಿಯಿದೆ.
ಆದರೂ ಮೊಣಕೈ ಕೇಳಲಿಲ್ಲ,
ಒಮ್ಮೆ ತಿವಿಯಿತು.

ಮುಖವಾಡದೊಳಗಿಂದ ಬಂತು:
“ಉಸಿರಾಡಾಕತ್ತೀನಿ. ಮಕ್ಕೋ.”