ಉದ್ದೇಶ ಎಂಬ ಕಾಲಂ

ಭದ್ರಾವತಿಯ ಹೈಸ್ಕೂಲಿನ ಹಿಂದೆ
ಬಿಸಿಯೂಟದ ಅಕ್ಕಿ ಇಡುತ್ತಿದ್ದ ಕೋಣೆ.
ಹೆಗ್ಗಣಕ್ಕೆ ಈಗಲೂ ಹಳೆಯ ವಿಳಾಸವೇ ನೆನಪು.
ಬೀಗದ ಕೈ ನನ್ನದು, ರಿಜಿಸ್ಟರೂ ನನ್ನದೇ:
ಹೆಸರು, ತರಗತಿ, ಪಡೆದ ಸಾಮಾನು, ಉದ್ದೇಶ.

ಓಂಕಾರ, ಒಂಬತ್ತನೇ ಬಿ. ಪಡೆದದ್ದು
ಕಕ್ಕಸಿನ ಫ್ಲಷ್ ತೊಟ್ಟಿಯ ತೇಲುಗುಂಡು, ಸೈಕಲ್ ಕಡ್ಡಿ, ಎರಡು ಸೆಲ್ಲು.
ಹೊಳೆ ಏರಿದರೆ ಕೂಗುತ್ತದಂತೆ.
ಸದ್ಯಕ್ಕೆ ಬಕೆಟ್ಟು ತುಂಬಿದರೂ ಕೂಗುತ್ತದೆ,
ಹೆಡ್‌ಮೇಷ್ಟ್ರು ಫೋನಿನಲ್ಲಿದ್ದಾಗಲೇ ಹೆಚ್ಚು.

ಮುಬೀನಾ ಹೊಲಿಗೆ ಯಂತ್ರಕ್ಕೆ ದಾರ ಹಾಕುವುದಿಲ್ಲ.
ಬರಿ ಸೂಜಿಯ ಕೆಳಗೆ ರಟ್ಟು ಓಡಿಸುತ್ತಾಳೆ:
ಸಂತೆ ಬೀದಿ, ಮಸೀದಿ ತಿರುವು, ತೆರೆದ ಚರಂಡಿ.
ಕಣ್ಣು ಕಾಣದ ಮಾಮೂ ತೂತಿನ ಮೇಲೆ ಬೆರಳಿಟ್ಟು ನಡೆದು
"ಚರಂಡಿ ಎಡಕ್ಕಲ್ಲವಾ ಮಗಳೇ" ಎಂದನಂತೆ.
ಮೂರನೇ ಸಲ ರಟ್ಟು ಕೇಳಲು ಬಂದಿದ್ದಾಳೆ.

ಸೆಲ್ವಿಯದೇ ತಕರಾರು.
ದಿನಾ ನಾಲ್ಕೂಕಾಲಿಗೆ ಒಂದು ಅರ, ಒಂದು ಹಿತ್ತಾಳೆ ಪಟ್ಟಿ.
ಉಜ್ಜುತ್ತಾಳೆ, ಕಿವಿಗೆ ಹಿಡಿದು ತಟ್ಟುತ್ತಾಳೆ, ಮತ್ತೆ ಉಜ್ಜುತ್ತಾಳೆ.
ಕೊನೆಯ ಕಾಲಮ್ಮಿನಲ್ಲಿ ದುಂಡಕ್ಷರ: "ಇನ್ನೂ ಗೊತ್ತಿಲ್ಲ."
ಹದಿನೇಳು ದಿನ, ಹದಿನೇಳು "ಇನ್ನೂ ಗೊತ್ತಿಲ್ಲ."

ತಪಾಸಣೆಗೆ ಬಂದವರು ಪುಟ ತಿರುವಿ, ಕನ್ನಡಕ ಏರಿಸಿ
"ಇದೇನ್ರೀ ಇದು?" ಎಂದರು.
"ಹಿತ್ತಾಳೆ, ಸ್ವಾಮಿ" ಎಂದೆ.

ಹೇಳಬಹುದಿತ್ತು,
ಕಾರ್ಖಾನೆಯ ಲೇತಿನ ಮುಂದೆ
ಮೂವತ್ತೊಂದು ವರ್ಷ ನಿಂತವನು ನಾನು.
ಕೂದಲೆಳೆಯ ಕಾಲುಭಾಗವೂ ಹೆಚ್ಚುಕಮ್ಮಿಯಾಗದ ಹಾಗೆ
ಒಂದೇ ಬಗೆಯ ಪಿನ್ನು ಕಡೆದೆ.
ಅದು ಯಾವ ಯಂತ್ರದ ಯಾವ ಸಂದಿಗೆ ಹೋಗುತ್ತಿತ್ತೋ
ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.
ಸಂಬಳದ ಚೀಟಿಯಲ್ಲಿ ಆ ಕಾಲಂ ಇರಲಿಲ್ಲ.

ನಿನ್ನೆ ಅರ ವಾಪಸು ಬಂತು.
ಹಲ್ಲುಹಲ್ಲಿನ ನಡುವಿನ ಹಿತ್ತಾಳೆ ಪುಡಿಯನ್ನು
ತಂತಿ ಬ್ರಷ್ಷಿನಿಂದ ತೆಗೆದಿದ್ದಳು, ಗೀರು ಹೋದ ದಿಕ್ಕಿಗೇ.
ಅದನ್ನು ನಾನು ಕಲಿಸಿರಲಿಲ್ಲ.
"ತಾತಾ, ತೆಳ್ಳಗಾದಷ್ಟೂ ದನಿ ಇಳೀತದೆ. ಯಾಕೆ?"

ಎಲ್ಲರೂ ಹೋದ ಮೇಲೆ
ಅವಳ ಸಾಲಿನ ಕೆಳಗೆ ಬರೆದೆ:
ಶೇಷೋಜಿ. ನಿವೃತ್ತ ಟರ್ನರ್. ಅರ ಒಂದು, ಹಿತ್ತಾಳೆ ಒಂದು.
ಮುಂದಿನ ಕಾಲಮ್ಮಿಗೆ ಬಂದು
ಪೆನ್ನು ನಿಂತಿತು.
ಹೊರಗೆ ಯಾರೋ ನಲ್ಲಿ ಕಟ್ಟಲು ಮರೆತಿರಬೇಕು,
ಓಂಕಾರನ ಹೊಳೆ ಕೂಗತೊಡಗಿತು.