ಹದಿನಾರು ಪುಟ ಕಮ್ಮಿ

ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ, ಕಾಗದ ಬರುತ್ತದೆ.
ಇಪ್ಪತ್ತೆರಡು ವರ್ಷ ಭದ್ರಾವತಿಯ ಮಿಲ್ಲಿನಲ್ಲಿ
ರೀಮು ಎಣಿಸಿದ ಹೆಬ್ಬೆರಳು
ಶಿವಮೊಗ್ಗದ ಗಾಂಧಿ ಬಜಾರಿನ ಹಳೇ ಪುಸ್ತಕದಂಗಡಿಯಲ್ಲಿ
ಲಾ ಕಾಲೇಜಿನ ಪ್ರವೇಶ ಪರೀಕ್ಷೆಯ ಗೈಡುಗಳನ್ನು
ಒಂದೊಂದಾಗಿ ವಿಚಾರಣೆಗೆ ಕರೆಯಿತು.

‘ಇದು ಬಿದಿರಲ್ಲ, ರದ್ದಿ ಕರಗಿಸಿ ಮಾಡಿದ್ದು.
ಎರಡು ಮಳೆಗಾಲ ತಡೆಯಲ್ಲ.’
ಪರೀಕ್ಷೆ ಇರುವುದು ಡಿಸೆಂಬರಿಗೆ ಅಪ್ಪ,
ಒಂದು ತಡೆದರೆ ಸಾಕು.

ಒಂಬೈನೂರು ಪುಟದ್ದೊಂದನ್ನು ಎರಡೂ ಕೈಯಲ್ಲಿ ಎತ್ತಿದೆ.
ಒಳಗೆ ಹಳೆಯ ದಂಡಸಂಹಿತೆ, ಮೋಸಕ್ಕೆ ನಾನ್ನೂರ ಇಪ್ಪತ್ತು.
ಈಗ ಅದು ಮುನ್ನೂರ ಹದಿನೆಂಟು ಎಂದೆ.
‘ಹಂಗಾದ್ರೆ ನಮ್ಮ ಚೀಟಿ ನಾಗಭೂಷಣನ್ನ
ಇನ್ಮೇಲೆ ಏನಂತ ಕರೀಬೇಕು?’
ಅಂಗಡಿಯ ಖಲೀಲ್ ಸಾಬರು ಕನ್ನಡಕ ತೆಗೆದು ನಕ್ಕರು.
ಗೈಡು ವಾಪಸು ಅಟ್ಟಕ್ಕೆ.

ಬೆಳಿಗ್ಗೆಯೇ ದುರ್ಗಿಗುಡಿಯ ಕೋಚಿಂಗಿಗೂ ಹೋಗಿದ್ದೆವು,
ಮೂರನೇ ಮಹಡಿ, ಮೆತ್ತನೆ ಕುರ್ಚಿ.
ಇಡೀ ಸೆಟ್ಟಿಗೆ ಹದಿನೆಂಟು ಸಾವಿರ.
ಅಪ್ಪ ಒಂದು ಹಾಳೆಯ ತುದಿ ಸವರಿ
‘ಒಳ್ಳೇ ಮಾಲು’ ಎಂದ, ನಿಜಕ್ಕೂ ಮೆಚ್ಚಿ.
ಮೇಜಿನ ಹುಡುಗಿ ನೀರು ಕೊಟ್ಟಳು.
ಮೆಟ್ಟಿಲಿಳಿಯುವಾಗ ನಾವು ಮಾತಾಡಲಿಲ್ಲ.

ಶರ್ಮಿಳಾ ಡಿಸೋಜ ತೋರಿಸಿದ ಆಪ್ ಪುಕ್ಕಟೆ.
ಆದರೆ ಮನೆಗಿರುವುದು ಒಂದು ಫೋನು.
ಮೂವತ್ತೇಳನೇ ಪ್ರಶ್ನೆಯಲ್ಲಿ
ಅಮ್ಮನ ಸ್ವಸಹಾಯ ಸಂಘದ ಅಧ್ಯಕ್ಷೆ
ಗಡಿಯಾರವನ್ನೂ ಮುಚ್ಚಿ ಮೂಡಿಬರುತ್ತಾಳೆ.

ಆಗ ಸಿಕ್ಕಿತು ಅದು, ಐದು ವರ್ಷದ ಹಳೇ ಪ್ರಶ್ನೆಪತ್ರಿಕೆ,
ಒಂದೇ ಹೊಲಿಗೆಯಲ್ಲಿ, ನಲವತ್ತು ರೂಪಾಯಿ.
ಮೊದಲ ಪುಟದಲ್ಲಿ ‘ಸ್ಫೂರ್ತಿ ಡಿ., ವಿನೋಬನಗರ’,
ನೂರಾ ಹನ್ನೆರಡರ ಅಂಚಿನಲ್ಲಿ ಪೆನ್ಸಿಲ್ಲು:
‘ಸಾಕಾಯ್ತು.’
ಅಪ್ಪ ಬೆನ್ನು ಬಗ್ಗಿಸಿ ನೋಡಿದ, ನನ್ನದಲ್ಲ, ಪುಸ್ತಕದ್ದು.
ದಾರ ಎಣಿಸಿದ. ಮತ್ತೆ ಎಣಿಸಿದ.
‘ಒಂದು ಫಾರಂ ಇಲ್ಲ. ಹದಿನಾರು ಪುಟ ಕಮ್ಮಿ.’
ಕೊನೆಯವು. ಉತ್ತರಗಳು.

ಸಾಬರ ಮುಖ ಸಣ್ಣಗಾಯಿತು:
‘ನೋಡಿರಲಿಲ್ಲ, ಕೊಡಿ, ರದ್ದಿಗೆ ಹಾಕ್ತೀನಿ.’
ನಾನು ಕೊಡಲಿಲ್ಲ.
ಯಾಕೆಂದು ಅಲ್ಲಿ ಕೇಳಿದ್ದರೆ
ನನ್ನ ಹತ್ತಿರ ವಾದ ಇರಲಿಲ್ಲ.

ಈಗ ರಾತ್ರಿ ಒಂಬತ್ತಕ್ಕೆ
ಅಪ್ಪ ಕಾವಲಿರುವ ಛತ್ರಕ್ಕೆ ಬುತ್ತಿ ಒಯ್ಯುತ್ತೇನೆ.
ಅವನು ಉಣ್ಣುತ್ತಾನೆ, ನಾನು ಓದುತ್ತೇನೆ,
ಇಂಗ್ಲಿಷಿನದನ್ನು ಕನ್ನಡಕ್ಕೆ ಇಳಿಸಿ,
ಇದೇ ಉತ್ತರ ಯಾಕೆ, ಅದು ಯಾಕಲ್ಲ.
ಒಪ್ಪಿದರೆ ಟಾರ್ಚಿನಿಂದ ಕುರ್ಚಿಗೆ ಒಂದು ಕುಟ್ಟು.
ಒಪ್ಪದಿದ್ದರೆ ‘ಇನ್ನೊಂದ್ಸಲ ಹೇಳು.’
ಮೂರು ಸಲ ಹೇಳಿದ್ದೂ ಇದೆ, ಅನ್ನ ಆರಿ.
ಮೂರನೇ ಸಲ ನನ್ನ ಉತ್ತರವೇ ಬೇರೆಯಾದದ್ದೂ ಇದೆ.
ಯಾರು ಸರಿ ಎಂದು ಹೇಳುವ ಪುಟ
ನಮ್ಮಿಬ್ಬರಲ್ಲಿ ಯಾರ ಹತ್ತಿರವೂ ಇಲ್ಲ.

ನಿನ್ನೆ ಬಂದದ್ದು ಒಂದು ಕಾರ್ಖಾನೆ,
ಬೆಳಗಿನ ಪಾಳಿಗೆ ಬಂದವರ ಎದುರು ಗೇಟಿನಲ್ಲಿ ನೋಟೀಸು.
ನಾಲ್ಕು ಆಯ್ಕೆ. ನಾಲ್ಕನ್ನೂ ಕೇಳಿದ.
ಮೂರನೆಯದನ್ನು ಇನ್ನೊಮ್ಮೆ ಕೇಳಿದ.
ಕೈ ತೊಳೆದು ಬಂದು ಹೇಳಿದ:
‘ನೋಟೀಸು ಸರಿಯೋ ತಪ್ಪೋ ಅಂತ ಇದೆ.
ಅದನ್ನ ಓದಿ ಅಲ್ಲೇ ನಿಂತವರ ವಿಷಯ
ನಾಲ್ಕರಲ್ಲೂ ಇಲ್ಲ.’

ನಿಯಮ ವಿವರಿಸಿದೆ:
ಬಿಟ್ಟರೆ ಸೊನ್ನೆ, ತಪ್ಪಿದರೆ ಕಾಲು ಹೋಗುತ್ತೆ.
‘ಕಾಲೇ ಹೋಗುತ್ತಾ?’
ಕಾಲು ಅಂಕ ಅಪ್ಪ.
‘ಹಂಗಾದ್ರೆ ಬಿಡು. ಮುಂದಿಂದು ಓದು.’

ಮುಂದಿನದು ಪಕ್ಕದ ಮನೆಯ ನಾಯಿ ಕಚ್ಚಿದ ಕೇಸು.
ಎರಡೇ ನಿಮಿಷ. ಕುರ್ಚಿಗೆ ಕುಟ್ಟು ಬಿತ್ತು.