ಲೋಕಯ್ಯನ ಕಿವಿ

ನಾನೂ ಲೋಕಯ್ಯನೂ ಮಾತು ಬಿಟ್ಟು
ಬರುವ ದೀಪಾವಳಿಗೆ ಒಂಬತ್ತು ವರ್ಷ.
ಜಗಳ ಮುನ್ನೂರು ರೂಪಾಯಿಯದ್ದು.
ಯಾರ ಮುನ್ನೂರು ಎಂದು ಅವನಿಗೂ ಮರೆತಿರಬಹುದು,
ನಾನಂತೂ ಕೇಳುವವನಲ್ಲ.

ಆದರೆ ಬಸ್ಸು ನಿಲ್ಲಲಿಲ್ಲ ಮಾರಾಯ್ರೆ.
ಸ್ಟೇಟ್ ಬ್ಯಾಂಕಿನಿಂದ ಉಳ್ಳಾಲಕ್ಕೆ, ಉಳ್ಳಾಲದಿಂದ ಸ್ಟೇಟ್ ಬ್ಯಾಂಕಿಗೆ
ದಿನಕ್ಕೆ ಎಂಟು ಟ್ರಿಪ್ಪು.
ಒಂದು ವಿಸಿಲ್: ನಿಲ್ಲಿಸು.
ಎರಡು: ಹೊರಡು.
ಎಳೆದು ಊದಿದರೆ, ಅಜ್ಜಿ ಇಳಿಯುತ್ತಿದ್ದಾಳೆ,
ಮೀನಿನ ಬುಟ್ಟಿಯೂ ಇದೆ, ಅವಸರ ಬೇಡ.
ನಾಣ್ಯದಿಂದ ಕಂಬಿಗೆ ಟಕಟಕ ಎಂದರೆ
ಹಿಂದಿನ ಬಸ್ಸು ಪಂಪ್‌ವೆಲ್ಲಿಗೆ ಬಂತು, ಒತ್ತು.
ಅವನ ಉತ್ತರವೆಲ್ಲ ಕಾಲಿನಲ್ಲಿ.
ಬ್ರೇಕು ಮೆತ್ತಗೆ ಬಿದ್ದರೆ ಸರಿ ಎಂದು,
ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರೆ
ನಿನಗೆ ತಲೆ ಇದೆಯಾ ಎಂದು.

ಅಮ್ಮನನ್ನು ಪೆರ್ಮನ್ನೂರಿನಲ್ಲಿ ಮಣ್ಣು ಮಾಡಿ
ನಾಲ್ಕನೆಯ ದಿನ ಡ್ಯೂಟಿಗೆ ಬಂದಾಗ
ಧನಿಗಳು ಹೆಗಲು ತಟ್ಟಿದರು,
ಟೈಂ ಕೀಪರ್ ಬಾಯ್ತುಂಬ ಸಮಾಧಾನ ಹೇಳಿದ.
ಲೋಕಯ್ಯ ಕನ್ನಡಿಯಲ್ಲೂ ನೋಡಲಿಲ್ಲ.
ನೇತ್ರಾವತಿ ಸೇತುವೆ ಬಂತು.
ಅಲ್ಲಿ ಎಂದೂ ಅರುವತ್ತರಿಂದ ಕೆಳಗಿಳಿಯದ ಮನುಷ್ಯ
ಮೂರನೇ ಗೇರಿಗೆ ಬಂದ, ಎರಡಕ್ಕೆ ಬಂದ,
ಹೆಣದ ಹಿಂದೆ ನಡೆಯುವವರ ಹಾಗೆ
ಆಚೆ ದಡದವರೆಗೆ ಹಾರ್ನ್ ಮುಟ್ಟಲಿಲ್ಲ.
ಹಿಂದೆ ಲಾರಿಗಳ ಬೊಬ್ಬೆ.
ನಾಲ್ಕು ನಿಮಿಷ ಲೇಟು. ಫೈನ್ ಅವನೇ ಕಟ್ಟಿದ.
ನಾನು ಫುಟ್‌ಬೋರ್ಡಿನಲ್ಲಿ ನಿಂತು
ಅಳಿವೆಯ ಕಡೆ ಮುಖ ಮಾಡಿದ್ದೆ.
ಟಿಕೇಟು ಕೇಳಿದವರಿಗೆ ಬೆನ್ನು ಕಂಡಿತು, ಅಷ್ಟೆ.

ಹೋದ ಆಟಿಯಲ್ಲಿ ಒಂದು ದಿನ
ಜೆಪ್ಪಿನಮೊಗರಿನಲ್ಲಿ ವಿಸಿಲ್ ಹಾಕಿದೆ. ನಿಲ್ಲಲಿಲ್ಲ.
ಮತ್ತೆ ಹಾಕಿದೆ.
ಹಠ ಎಂದುಕೊಂಡೆ, ಮುನ್ನೂರು ರೂಪಾಯಿಯ ಬಡ್ಡಿ.
ಸೇತುವೆಯ ಬುಡದಲ್ಲಿ ಹೇಗೋ
ಕನ್ನಡಿಯಲ್ಲಿ ನನ್ನ ಬಾಯಿ ಕಂಡು ನಿಲ್ಲಿಸಿದ.
ಆಗ ಅವನ ಮುಖ
ಟಿಕೇಟಿಲ್ಲದೆ ಸಿಕ್ಕಿಬಿದ್ದ ಶಾಲೆ ಹುಡುಗನದ್ದು.

ಮರುದಿನದಿಂದ ನಾನು ಮುಂದಿನ ಬಾಗಿಲಿಗೆ ಬಂದೆ,
ಹಿಂದಿನದನ್ನು ಕ್ಲೀನರ್ ಇಸುಬುವಿಗೆ ಬಿಟ್ಟೆ.
ಸೀಟಿಗೆ ತಾಗಿದ ಕಂಬಿಗೆ ಅಂಗೈಯಿಂದ ಒಂದು ಪೆಟ್ಟು: ನಿಲ್ಲಿಸು.
ಎರಡು: ಹೊರಡು.
ಕಬ್ಬಿಣದಿಂದ ಸೀಟಿಗೆ, ಸೀಟಿನಿಂದ ಬೆನ್ನಿಗೆ.
ಜನರಿಗೆ ಅನುಮಾನ ಬಾರದಿರಲಿ ಎಂದು
ವಿಸಿಲನ್ನೂ ಊದುತ್ತೇನೆ.

ಇದು ತಪ್ಪು. ಗೊತ್ತು.
ಐವತ್ತು ಜನ, ಶಾಲೆ ಮಕ್ಕಳು, ತೊಕ್ಕೊಟ್ಟಿನ ಆ ತಿರುವು.
ರಾತ್ರಿ ಮಲಗಿದರೆ ಅಂಗೈ ತಾನಾಗಿ ಗೋಡೆಗೆ ಬಡಿಯುತ್ತದೆ.
ಧನಿಗಳಿಗೆ ಒಂದು ಮಾತು ಹೇಳಿದರೆ ಮುಗಿಯಿತು.
ಆ ಒಂದು ಮಾತು
ಒಂಬತ್ತು ವರ್ಷದಲ್ಲಿ ಅವನ ಬಗ್ಗೆ
ನಾನು ಆಡುವ ಮೊದಲನೆಯದು.

ನಿನ್ನೆ ಉಳ್ಳಾಲದಲ್ಲಿ, ಕೊನೆಯ ಟ್ರಿಪ್ಪಿಗೆ ಮುಂಚೆ
ಬಾನೆಟ್ಟಿನ ಮೇಲೆ ಎರಡು ಚಹಾ ಇತ್ತು.
ನನ್ನದರ ಅಡಿಯಲ್ಲಿ ಬಿಡಿಸಿಟ್ಟ ಕಾಗದ:
ಲೈಸೆನ್ಸ್ ರಿನೀವಲ್, ಡಾಕ್ಟರ ಸರ್ಟಿಫಿಕೇಟು, ತಾರೀಕು ಹದಿನೇಳು.
ಗ್ಲಾಸಿನ ಒದ್ದೆ ಉಂಗುರ
ಸರಿಯಾಗಿ 'ಶ್ರವಣ' ಎಂಬಲ್ಲಿ ಕೂತಿತ್ತು.
ಓದಿದೆ. ಮಡಚಿ ಅವನ ಖಾಕಿ ಜೇಬಿಗೆ ಹಾಕಿದೆ.
ಜೇಬಿನ ಮೇಲೆ ಅಂಗೈಯಿಂದ
ಒಂದು ಸಲ ತಟ್ಟಿದೆ.

ಅವನು ತುಂಬ ಹೊತ್ತು
ಎರಡನೆಯದಕ್ಕೆ ಕಾದ.
ಎರಡೂ ಗ್ಲಾಸಿನಲ್ಲಿ ಕೆನೆ ಕಟ್ಟಿತು.